ಒಂದು ಘೋಷಣೆ, ಇಬ್ಬರು ಪ್ರವಾದಿಗಳು: ನಿನೆವೆಯ ದಂಡನೆ ಮತ್ತು ಕ್ಷಮೆ

ಬೈಬಲಿನಲ್ಲಿ ದಂಡಿಸುವ ದೇವರಿಗೂ ಕ್ಷಮಿಸುವ ದೇವರಿಗೂ ನಡುವೆ ಕಾಣುವ ತಿಕ್ಕಾಟವನ್ನು ಅಭ್ಯಾಸ ಮಾಡುವವರು ವಿಮೋಚನಕಾಂಡ 34ನೇ ಅಧ್ಯಾಯದ 6 ಮತ್ತು 7ನೇ ವಚನಗಳಿಂದ ಆರಂಭಿಸುವುದು ಒಳ್ಳೆಯದು. ಇಸ್ರಾಯೇಲ್ಯರು ಚಿನ್ನದ ಕರುವನ್ನು ಪೂಜಿಸಿ, ಅದರ ದಂಡನೆಯಾಗಿ ಅವರಲ್ಲಿ ಸುಮಾರು 3,000 ಮಂದಿ ಕತ್ತಿಗೆ ಬಲಿಯಾದ ಮೇಲೆ, ಸೀನಾಯಿ ಬೆಟ್ಟದಲ್ಲಿ ಅವರ ನಾಯಕ ಮೋಶೆಯ ಎದುರು ಯೆಹೋವನು ತನ್ನ ಸ್ವಭಾವವನ್ನು ತಾನೇ ಸಾರುತ್ತಾನೆ. ಆತನು ಕನಿಕರವುಳ್ಳವನು, ದೀರ್ಘಶಾಂತನು, ಸಾವಿರಾರು ತಲೆಗಳವರೆಗೆ ಪ್ರೀತಿಯನ್ನು ಉಳಿಸಿಕೊಂಡು ಪಾಪವನ್ನು ಕ್ಷಮಿಸುವವನು. ಆದರೂ ಅಪರಾಧಿಯನ್ನು ಶಿಕ್ಷಿಸದೆ ಬಿಡದೆ, ತಂದೆಗಳ ದೋಷಫಲವನ್ನು ಮೂರು ನಾಲ್ಕು ತಲೆಗಳವರೆಗೆ ಬರಮಾಡುವವನು.

ಇಲ್ಲಿ ಎರಡು ಪದಗಳ ಬಳಿ ನಿಲ್ಲಬೇಕು. ‘ದೀರ್ಘಶಾಂತ’ ಎಂಬಲ್ಲಿ ಹೀಬ್ರೂ ಮೂಲದಲ್ಲಿರುವುದು ‘ಎರೆಖ್ ಅಪ್ಪಾಯಿಮ್’, ಅಂದರೆ ಅಕ್ಷರಶಃ ‘ಉದ್ದ ಮೂಗಿನವನು’. ಆ ಭಾಷೆಯಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ. ‘ಮೂಗಿನ ತುದಿಯಲ್ಲೇ ಕೋಪ’ ಎನ್ನುವ ಕನ್ನಡಿಗರಿಗೆ ಇದು ಸುಲಭವಾಗಿ ಹಿಡಿಯುತ್ತದೆ. ದೇವರಿಗೆ ಕೋಪವಿಲ್ಲವೆಂದಲ್ಲ, ಅದು ತುದಿಗೆ ಬರಲು ಬಹಳ ಕಾಲ ಬೇಕು. ‘ಕ್ಷಮಿಸುವವನು’ ಎಂಬಲ್ಲಿರುವ ‘ನಾಸಾ’ ಕ್ರಿಯಾಪದಕ್ಕೆ ‘ಎತ್ತು’, ‘ಹೊರು’ ಎಂಬ ಅರ್ಥಗಳಿವೆ. ಹಾಗೆ ಓದಿದಾಗ ಪಾಪದ ಭಾರವನ್ನು ಕ್ಷಮಿಸುವವನೇ ಹೊರುತ್ತಾನೆಂದಾಗುತ್ತದೆ; ಇದು ನನಗೆ ಬಹಳ ಮುಖ್ಯವೆನಿಸುತ್ತದೆ.

ಈ ಘೋಷಣೆಯನ್ನೇ ಇಬ್ಬರು ಪ್ರವಾದಿಗಳು ಅಶ್ಶೂರ್ಯರ ನಿನೆವೆ ಪಟ್ಟಣದ ವಿಷಯದಲ್ಲಿ ಬೇರೆ ಬೇರೆಯಾಗಿ ಎತ್ತಿಕೊಳ್ಳುತ್ತಾರೆ. ಯೋನನು (4:2) ಮೊದಲ ಭಾಗವನ್ನಷ್ಟೇ ಹೇಳಿ, ‘ಅಪರಾಧಿಯನ್ನು ಬಿಡನು’ ಎಂಬುದನ್ನು ಕೈಬಿಟ್ಟು, ಕೇಡನ್ನು ಮಾಡದೆ ಮನಸ್ಸು ಬದಲಿಸುವವನು ಎಂದು ಸೇರಿಸುತ್ತಾನೆ. ನಿನೆವೆಯವರು ಪಶ್ಚಾತ್ತಾಪಪಟ್ಟಾಗ ದೇವರು ಅವರನ್ನು ಕ್ಷಮಿಸಿದ್ದರಿಂದ ಅವನಿಗೆ ಇದು ಸ್ತುತಿಯಲ್ಲ, ದೂರು. ನಿನೆವೆಗೆ ಹೋಗಿ ಸಾರು ಎಂದು ದೇವರು ಹೇಳಿದಾಗ ತಾನು ದೂರದ ತಾರ್ಷೀಷಿಗೆ ಓಡಿಹೋಗಲು ಇದೇ ಕಾರಣ ಎನ್ನುತ್ತಾನೆ. ನಹೂಮನಾದರೋ (1:3) ‘ದೀರ್ಘಶಾಂತ’ ಎಂಬುದನ್ನು ಇಟ್ಟುಕೊಂಡು, ಪ್ರೀತಿಯ ಜಾಗದಲ್ಲಿ ಶಕ್ತಿಯನ್ನು ತಂದು, ‘ಅಪರಾಧಿಯನ್ನು ಬಿಡನು’ ಎಂಬಲ್ಲಿಗೆ ನೇರವಾಗಿ ಬರುತ್ತಾನೆ. ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲ್ಯರ ಉತ್ತರ ರಾಜ್ಯದ ಸಮಾರ್ಯ ಪಟ್ಟಣವನ್ನು ಕೆಡವಿದ ಅಶ್ಶೂರ್ಯರ ರಾಜಧಾನಿ ನಿನೆವೆ ಕ್ರಿ.ಪೂ. 612ರಲ್ಲಿ ಬಾಬಿಲೋನಿಯರ ಮತ್ತು ಮೇದ್ಯರ ಕೈಯಲ್ಲಿ ನಾಶವಾಯಿತು. ನೊಂದವರ ಕಡೆಯಿಂದ ಓದಿದರೆ ನಹೂಮನ ಮಾತನ್ನು ಬರೀ ಸೇಡು ಎಂದು ತಳ್ಳಿಹಾಕಲಾಗದು.

ಎರಡೂ ಪುಸ್ತಕಗಳು ಪ್ರಶ್ನೆಯಿಂದ ಮುಗಿಯುತ್ತವೆ. ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನರೂ ಬಹಳ ಪಶುಗಳೂ ಇರುವ ಪಟ್ಟಣಕ್ಕಾಗಿ ತಾನು ಕನಿಕರಪಡಬಾರದೇ ಎಂದು ಯೋನನನ್ನು ದೇವರು ಕೇಳುತ್ತಾನೆ. ನಹೂಮನಲ್ಲಿ ಅಶ್ಶೂರ್ಯದ ಅರಸನಿಗೆ ಬರುವ ಪ್ರಶ್ನೆ, ನಿನ್ನ ಎಡೆಬಿಡದ ಕೆಡುಕಿಗೆ ಗುರಿಯಾಗದವರು ಯಾರು ಎಂಬುದು.

ಹೀಬ್ರೂ ಬೈಬಲಿನ ಪುಸ್ತಕಗಳ ಕ್ರಮದಲ್ಲಿ ಇವೆರಡರ ನಡುವೆ ಇರುವುದು ಮೀಕನ ಪುಸ್ತಕ. ಅದರ ಕೊನೆಯಲ್ಲಿ (7:18-19) ‘ಪಾಪವನ್ನು ಹೊರುವ ನಿನ್ನಂಥ ದೇವರು ಯಾರು?’ ಎಂಬ ಪ್ರಶ್ನೆಯಲ್ಲಿ ಅದೇ ‘ನಾಸಾ’ ಮರಳಿ ಬರುತ್ತದೆ. ಪಾಪಗಳೆಲ್ಲ ಸಮುದ್ರದ ಆಳಕ್ಕೆ ಎಸೆಯಲ್ಪಡುತ್ತವೆ. ಓಡಿಹೋಗುವಾಗ ಸಮುದ್ರಕ್ಕೆ ಎಸೆಯಲ್ಪಟ್ಟು ಮೀನಿನ ಹೊಟ್ಟೆ ಸೇರಿದ ಯೋನನು ಅಲ್ಲಿಂದ ಮಾಡಿದ ಪ್ರಾರ್ಥನೆಯಲ್ಲಿ ತನ್ನನ್ನು ದೇವರು ಆಳಕ್ಕೆ ಎಸೆದನೆಂದು ಹೇಳುವಾಗ ಬಳಸುವ ಪದಗಳೂ ಇವೇ. ಯೆಹೂದ್ಯರು ದೋಷಪರಿಹಾರಕ ದಿನದ ಮಧ್ಯಾಹ್ನ ಯೋನನ ಪುಸ್ತಕವನ್ನು ಪೂರ್ತಿ ಓದಿ, ಅದರ ಬೆನ್ನಿಗೇ ಮೀಕನ ಈ ಸಾಲುಗಳನ್ನು ಓದುತ್ತಾರೆ.