ಅಂಗೈ ಅಗಲದ ಬಿಸಿಲಿಗೆ ಎಷ್ಟು ಬೆಳಕು?

ಮನೆ ಮುಂದಿನ ಕೈತೋಟಕ್ಕೆ ದೀಪ ಹಾಕಿಸೋಣ ಅಂದರೆ ಸಾಕು, ‘ಸೋಲಾರ್ ಹಾಕಿಸಿಬಿಡಿ, ಕರೆಂಟ್ ಬಿಲ್ ಉಳಿಯುತ್ತೆ’ ಅನ್ನುವವರೇ ಜಾಸ್ತಿ. ಆ ಬಿಲ್ಲಿನ ಲೆಕ್ಕ ಮೊದಲು ಮುಗಿಸಿಬಿಡೋಣ. 5 ವ್ಯಾಟಿನ ಆರು ಎಲ್‌ಇಡಿ ದೀಪ ದಿನಕ್ಕೆ 6 ಗಂಟೆ ಉರಿದರೆ ತಿಂಗಳಿಗೆ 5.4 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದರೂ 33 ರೂಪಾಯಿ ದಾಟುವುದಿಲ್ಲ. ದುಡ್ಡು ಹೋಗುವುದು ಕರೆಂಟಿಗಲ್ಲ, ನೆಲ ಅಗೆದು ಪೈಪು, ವೈರು ಹಾಕಿಸುವುದಕ್ಕೆ. ಹಾಗಾಗಿ ಬಿಲ್ ಮರೆತುಬಿಡಿ. ಆ ಜಾಗಕ್ಕೆ ಎಷ್ಟು ಬೆಳಕು ಬೇಕು, ಅಲ್ಲಿ ಎಷ್ಟು ಬಿಸಿಲು ಬೀಳುತ್ತದೆ, ಇದಿಷ್ಟನ್ನು ನೋಡಿ.

ಸೋಲಾರ್ ದೀಪದ ಡಬ್ಬದ ಮೇಲೆ ‘100 ವ್ಯಾಟ್’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಓದಬೇಡಿ, ಪ್ಯಾನೆಲ್ ಅಳೆಯಿರಿ. ನಡುಹಗಲ ಒಳ್ಳೆ ಬಿಸಿಲಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್ ಶಕ್ತಿ ಬೀಳುತ್ತದೆ. ಪ್ಯಾನೆಲ್ ಅದರಲ್ಲಿ ಐದನೇ ಒಂದು ಭಾಗವನ್ನು ಕರೆಂಟ್ ಮಾಡಿತು ಅಂದುಕೊಳ್ಳಿ. 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ, ಅಂದರೆ ಅಂಗೈಯಷ್ಟಿರುವ ಪ್ಯಾನೆಲ್ಲಿಗೆ ಬರುವುದು ಬರೀ 2 ವ್ಯಾಟ್. ನಮ್ಮ ಕಡೆ ದಿನವಿಡೀ ಬೀಳುವ ಬಿಸಿಲನ್ನು ಒಟ್ಟುಗೂಡಿಸಿದರೆ ನಡುಹಗಲ ಬಿಸಿಲಿನ 5 ಗಂಟೆಗೆ ಸಮ. 2 ವ್ಯಾಟಿನಂತೆ 5 ಗಂಟೆಗೆ 10 ವ್ಯಾಟ್-ಗಂಟೆ ಆಯಿತು. ಬ್ಯಾಟರಿಗೆ ತುಂಬುವಾಗ, ತೆಗೆಯುವಾಗ ಒಂದಿಷ್ಟು ಸೋರಿ ಉಳಿಯುವುದು 7 ವ್ಯಾಟ್-ಗಂಟೆ. ಅದನ್ನು ರಾತ್ರಿ 10 ಗಂಟೆ ಹೊತ್ತಿಗೆ ಹಂಚಿದರೆ 0.7 ವ್ಯಾಟ್. ನೂರೆಲ್ಲಿ, ಮುಕ್ಕಾಲೂ ಇಲ್ಲದ್ದೆಲ್ಲಿ! ನೆಲಕ್ಕೆ ಚುಚ್ಚುವ ಪುಟ್ಟ ದೀಪಗಳ ಪ್ಯಾನೆಲ್ ಇದಕ್ಕಿಂತ ಎಷ್ಟೋ ಚಿಕ್ಕದು. ಅವು ದಾರಿಯ ಅಂಚು ಎಲ್ಲಿದೆ ಅಂತ ತೋರಿಸುತ್ತವೆ. ಮೆಟ್ಟಿಲ ಮೇಲೆ ಹಾವು ಮಲಗಿದೆಯೋ ಹಗ್ಗ ಬಿದ್ದಿದೆಯೋ ಅಂತ ತೋರಿಸುವಷ್ಟು ಬೆಳಕು ಅವುಗಳಲ್ಲಿ ಇಲ್ಲ.

ಚಳಿಗಾಲ ಬಂದರೆ ಸೋಲಾರ್ ದೀಪ ಮಂಕಾಗುತ್ತದೆ ಅನ್ನುವುದು ಯೂರೋಪಿನವರ ಗೋಳು. ಮೈಸೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 12 ಡಿಗ್ರಿ ದೂರದಲ್ಲಷ್ಟೇ ಇದೆ. ಜೂನ್‌ಗೂ ಡಿಸೆಂಬರ್‌ಗೂ ಇಲ್ಲಿನ ರಾತ್ರಿಯಲ್ಲಿ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ. ಡಿಸೆಂಬರ್, ಜನವರಿಯಲ್ಲಿ ಆಕಾಶವೂ ತಿಳಿಯಾಗಿರುತ್ತದೆ. ನಮಗೆ ಕಾಡುವುದು ಆಷಾಢ. ದಿನಗಟ್ಟಲೆ ಮೋಡ ಕವಿದು ಜಿಟಿಜಿಟಿ ಹನಿಯುತ್ತಿದ್ದರೆ ಬ್ಯಾಟರಿ ಅರ್ಧವೂ ತುಂಬದೆ ದೀಪ ಎಂಟು ಗಂಟೆಗೇ ಕಣ್ಣು ಮುಚ್ಚುತ್ತದೆ. ದಸರಾ ಹೊತ್ತಿನ ಮಳೆ ಅಷ್ಟು ಕೆಡುಕಲ್ಲ. ಅದು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಸುರಿಯುವುದು, ಬೆಳಗಿನ ಬಿಸಿಲು ಸಿಕ್ಕಿಬಿಡುತ್ತದೆ.

ಮೋಡಕ್ಕಿಂತ ತೆಂಗಿನ ಗರಿಯೇ ಜಾಸ್ತಿ ಕಾಟ ಕೊಡುತ್ತದೆ. ಪ್ಯಾನೆಲ್ಲಿನೊಳಗಿನ ಬಿಲ್ಲೆಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದಕ್ಕೆ ನೆರಳು ಬಿದ್ದರೆ ಉಳಿದವುಗಳ ಕರೆಂಟೂ ಅಲ್ಲೇ ಕಟ್ಟಿಕೊಳ್ಳುತ್ತದೆ. ಕಾಲು ಭಾಗಕ್ಕೆ ನೆರಳು ಅಂದರೆ ಕಾಲು ಭಾಗ ನಷ್ಟ ಅಂತಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ. ಮಂಡ್ಯ ಕಡೆ ಹತ್ತಿರದಲ್ಲಿ ಆಲೆಮನೆ ಇದ್ದರೆ ಮಸಿ ಬೇರೆ ಕೂರುತ್ತದೆ. ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಇನ್ನೊಂದು ತಮಾಷೆ ಇದೆ. ಕತ್ತಲಾಯಿತು ಅಂತ ಪುಟ್ಟ ದೀಪಕ್ಕೆ ಹೇಳುವುದೂ ಅದೇ ಪ್ಯಾನೆಲ್. ಬೀದಿದೀಪದ ಬುಡದಲ್ಲಿ ನೆಟ್ಟರೆ ಇನ್ನೂ ಹಗಲಿದೆ ಅಂದುಕೊಂಡು ಅದು ಹೊತ್ತಿಕೊಳ್ಳುವುದೇ ಇಲ್ಲ. ಸುಮ್ನೆ ಅಂಗಡಿಯವನ ಜೊತೆ ಜಗಳ ಆಗುತ್ತದೆ.

ಹಾಗಾದರೆ ವೈರೇ ವಾಸಿ ಅಲ್ವಾ? ಅದಕ್ಕೂ ಅದರದೇ ತಕರಾರಿದೆ. ಒದ್ದೆ ಮಣ್ಣಲ್ಲಿ 230 ವೋಲ್ಟ್ ಬೇಡ ಅಂತ ಹಲವರು ಅಡಾಪ್ಟರ್ ಇಟ್ಟು 12 ವೋಲ್ಟಿನ ದೀಪ ಹಾಕಿಸುತ್ತಾರೆ. ಒಳ್ಳೆಯದೇ. ಆದರೆ 40 ವ್ಯಾಟ್ ದೀಪಕ್ಕೆ 12 ವೋಲ್ಟಿನಲ್ಲಿ 3.3 ಆಂಪಿಯರ್ ಹರಿಯಬೇಕು. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರು 20 ಮೀಟರ್ ದೂರ ಹೋಗಿ ಬರುವಷ್ಟರಲ್ಲಿ ಸುಮಾರು 1.6 ವೋಲ್ಟ್ ತಿಂದುಹಾಕುತ್ತದೆ. ಕೊನೆಯ ದೀಪ ಮಂಕಾಗುವುದು ಇದರಿಂದಲೇ. ಅದೇ 40 ವ್ಯಾಟನ್ನು 230 ವೋಲ್ಟಿನಲ್ಲಿ ಕಳಿಸಿದರೆ ನಷ್ಟ 0.1 ವೋಲ್ಟೂ ಇಲ್ಲ. 1902ರಲ್ಲಿ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಂಡೊಯ್ದದ್ದೂ ಇದೇ ಲೆಕ್ಕದಲ್ಲಿ. ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದರು, ವೈರಿನಲ್ಲಿ ಹರಿಯುವ ಆಂಪಿಯರ್ ಕಡಿಮೆಯಾಯಿತು, ನಷ್ಟವೂ ಇಳಿಯಿತು. ಅಂಗಳದಲ್ಲಿ ಅಷ್ಟೆಲ್ಲ ಬೇಡ. ವೈರು ದಪ್ಪ ಮಾಡಿ, ಇಲ್ಲವೇ ಅಡಾಪ್ಟರನ್ನು ದೀಪಗಳ ಸಾಲಿನ ನಡುವೆ ಇಡಿ.

230 ವೋಲ್ಟನ್ನೇ ಎಳೆಯುವುದಾದರೆ ಅರ್ಥಿಂಗ್ ಬೇಕೇ ಬೇಕು, 30 ಮಿಲಿಆಂಪಿಯರ್ ಕರೆಂಟ್ ಸೋರಿದರೆ ಕಟ್ ಆಗುವ ಆರ್‌ಸಿಸಿಬಿ ಅನ್ನುವ ಸ್ವಿಚ್ಚೂ ಬೇಕು. ವೈರನ್ನು ಪೈಪಿನೊಳಗೇ ಹಾಕಿಸಿ, ಹೆಗ್ಗಣ ಕಡಿಯುತ್ತದೆ, ಗುದ್ದಲಿ ಏಟು ಬೀಳುತ್ತದೆ. ದೀಪದ ಮೇಲೆ ಐಪಿ65 ಅಂತ ಇರಲಿ, ದೂಳು, ನೀರು ಒಳಗೆ ಹೋಗದು ಅನ್ನುವುದರ ಗುರುತು ಅದು.

ನನ್ನ ಪ್ರಕಾರ ಗೇಟು, ಮೆಟ್ಟಿಲು, ಬಚ್ಚಲ ಕಡೆಯ ದಾರಿಗೆ ವೈರಿನ ದೀಪವೇ ಸರಿ. ಹೂವಿನ ಪಾತಿಯ ಅಂಚಿಗೆ ಸೋಲಾರ್ ಸಾಕು. ತೋಟದ ಮನೆಗೆ, ಕರೆಂಟ್ ಆಗಾಗ ಹೋಗುವ ಕಡೆ, ಪ್ಯಾನೆಲ್ ಬೇರೆ, ದೀಪ ಬೇರೆ ಇರುವ ಸೋಲಾರ್ ತೆಗೆದುಕೊಳ್ಳಿ. ಪ್ಯಾನೆಲ್ಲನ್ನು ಸೂರಿನ ಮೇಲೆ ದಕ್ಷಿಣಕ್ಕೆ ತುಸು ಇಳಿಜಾರಾಗಿ ಕೂರಿಸಿ, ಮಳೆನೀರೇ ದೂಳು ತೊಳೆಯುತ್ತದೆ.

ಪುಟ್ಟ ಸೋಲಾರ್ ದೀಪ ಒಂದೆರಡು ವರ್ಷಕ್ಕೆ ಸೋತರೆ ಎಸೆಯಬೇಡಿ. ಬಹಳ ಸಲ ಸೋತಿರುವುದು ಬ್ಯಾಟರಿ ಮಾತ್ರ. ಸ್ಕ್ರೂ ಬಿಚ್ಚಿ ನೋಡಿ, ಸಾಮಾನ್ಯವಾಗಿ ಪೆನ್ಸಿಲ್ ಸೆಲ್ ಗಾತ್ರದ 1.2 ವೋಲ್ಟಿನ ರೀಚಾರ್ಜ್ ಸೆಲ್ ಇರುತ್ತದೆ. ಅಂಥದ್ದನ್ನೇ ಹಾಕಿ. ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ ಹಾಕಿದರೆ ಅದು ಚಾರ್ಜ್ ಆಗುವುದಿಲ್ಲ, ಸೋರಿ ಒಳಗಿನ ಸ್ಪ್ರಿಂಗನ್ನೂ ಹಾಳು ಮಾಡುತ್ತದೆ.