ಹೂ ಬಿಟ್ಟ ಹುಲ್ಲಿನ ನಡುವೆ ಓಡಬಹುದೇ? ಹಾದಿ ಯಾವುದು, ಹೊತ್ತು ಯಾವುದು?

ಓದುಗರ ಪ್ರಶ್ನೆ: ಮೈಸೂರಿನಲ್ಲಿ ದಿನಾ ಬೆಳಿಗ್ಗೆ ಟಾರು ರಸ್ತೆಯಲ್ಲಿ 5 ಕಿ.ಮೀ. ಓಡುತ್ತೇನೆ. ಮಳೆ ಬಿದ್ದ ಮೇಲೆ ಕೆರೆ ಪಕ್ಕ, ಬೆಟ್ಟದ ಬುಡದಲ್ಲೆಲ್ಲ ಕಾಡುಹೂ ತುಂಬಿಕೊಳ್ಳುತ್ತದಲ್ಲ, ಅಲ್ಲಿನ ಮಣ್ಣಿನ ಹಾದಿಯಲ್ಲಿ ಓಡುವ ಆಸೆ. ಎಲ್ಲೆಲ್ಲಿ ಓಡಬಹುದು? ಗಿಡಕ್ಕೂ ಕಾಲಿಗೂ ಪೆಟ್ಟಾಗದಂತೆ ಹೇಗೆ ಓಡಬೇಕು?

ಉತ್ತರ: ಧಾರಾಳವಾಗಿ ಓಡಬಹುದು. ಆದರೆ ಎಲ್ಲಿ ಓಡಬೇಕು ಅನ್ನುವುದನ್ನು ಮ್ಯಾಪ್ ನೋಡಿ ತೀರ್ಮಾನಿಸಬೇಡಿ, ಹಿಂದಿನ ದಿನದ ಮಳೆ ನೋಡಿ ತೀರ್ಮಾನಿಸಿ. ನಮ್ಮ ಕಡೆ ಮಳೆ ಜೋರಾಗುವುದು ವರ್ಷಕ್ಕೆರಡು ಸಲ: ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ತುಂಬೆ, ಅಣ್ಣೆ ಸೊಪ್ಪು, ವಿಷ್ಣುಕ್ರಾಂತಿ, ತಂಗಡಿ ಎಲ್ಲ ಚೆನ್ನಾಗಿ ಹೂ ಬಿಡುವುದು ಈ ಎರಡನೆಯ ಮಳೆಯ ಸುತ್ತಮುತ್ತಲೇ. ಅಂದರೆ ಹಾದಿ ಅತ್ಯಂತ ಚೆಂದವಾಗಿರುವ ತಿಂಗಳುಗಳಲ್ಲೇ ಮಣ್ಣೂ ಅತ್ಯಂತ ಮೆತ್ತಗಿರುತ್ತದೆ. ತೊಂದರೆಯೆಲ್ಲ ಶುರುವಾಗುವುದು ಇಲ್ಲಿಂದ.

ಹಾದಿಗೆ ಇಳಿದ ತಕ್ಷಣ ಒಂದು ಪರೀಕ್ಷೆ ಮಾಡಿ. ಹಿಮ್ಮಡಿಯ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಕಾಲು ತೆಗೆದು ನೋಡಿ. ಗುರುತು ಮಾತ್ರ ಬಿದ್ದಿದ್ದರೆ ಓಡಿ. ಹೆಬ್ಬೆರಳಿನ ಉಗುರು ಮುಳುಗುವಷ್ಟು, ಅಂದರೆ ಸುಮಾರು 1 ಸೆಂ.ಮೀ. ತಗ್ಗಾಗಿದ್ದರೆ ಅವತ್ತು ಟಾರು ರಸ್ತೆಯೇ ಸರಿ. ಮರಳು, ಗರಸು ಬೆರೆತ ಕೆಂಪು ಮಣ್ಣು ಒಂದು ದಿನ ಬಿಸಿಲು ಬಿದ್ದರೆ ಗಟ್ಟಿಯಾಗುತ್ತದೆ. ಕೆರೆಯಂಗಳದ ಕಪ್ಪು ಜೇಡಿಗೆ ಮೂರು ನಾಲ್ಕು ದಿನ ಬೇಕು.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಒದ್ದೆ ಮಣ್ಣನ್ನು ತುಳಿದರೆ ಅದರೊಳಗಿನ ಗಾಳಿಯ ಸಂದು ಮುಚ್ಚಿಹೋಗುತ್ತದೆ. ಮುಂದಿನ ಮಳೆಯ ನೀರು ಅಲ್ಲಿ ಇಂಗುವುದಿಲ್ಲ, ನಿಲ್ಲುತ್ತದೆ. ನಿಂತ ನೀರು ಕಂಡವರು ಪಕ್ಕದ ಹುಲ್ಲಿನ ಮೇಲೆ ಹೆಜ್ಜೆ ಇಡುತ್ತಾರೆ. ಅಲ್ಲೂ ಕೆಸರಾಗುತ್ತದೆ, ಹಿಂದೆ ಬಂದವರು ಇನ್ನೂ ಪಕ್ಕಕ್ಕೆ ಸರಿಯುತ್ತಾರೆ. ಎರಡಡಿಯ ಕಾಲುಹಾದಿ ಒಂದೇ ಮಳೆಗಾಲದಲ್ಲಿ ಆರಡಿಯಾಗುವುದು ಹೀಗೆ. ವಿಷ್ಣುಕ್ರಾಂತಿ ನೆಲಕ್ಕಂಟಿಕೊಂಡೇ ಬೆಳೆಯುವ ಗಿಡ. ಕಿರುಬೆರಳಿನ ಉಗುರಿಗಿಂತ ಚಿಕ್ಕ ನೀಲಿ ಹೂ, ಅದೂ ಬಿಸಿಲೇರಿದ ಮೇಲೆ ಅರಳುವಂಥದ್ದು. ಹುಲ್ಲು ಕಡಿಮೆಯಿರುವ ಹಾದಿಯ ಅಂಚೇ ಅದಕ್ಕೆ ಇಷ್ಟ. ನೀರು ತಪ್ಪಿಸಲು ನೀವು ಕಾಲಿಡುವುದೂ ಸರಿಯಾಗಿ ಅಲ್ಲಿಗೇ. ಅಣ್ಣೆ ಸೊಪ್ಪಿನ ಕಥೆ ಇನ್ನೂ ಕಷ್ಟದ್ದು. ಅದು ಒಂದೇ ಹಂಗಾಮಿನ ಗಿಡ, ಬೀಜ ಬಲಿತು ಉದುರುವ ಮೊದಲೇ ಕಾಂಡ ಮುರಿದರೆ ಮುಂದಿನ ವರ್ಷ ಆ ಜಾಗದಲ್ಲಿ ಕಾಂಗ್ರೆಸ್ ಗಿಡ ಹುಟ್ಟಿಕೊಳ್ಳಬಹುದು. ಹಾಗಾಗಿ ಯಾವಾಗಲೂ ಹಾದಿಯ ನಟ್ಟನಡುವೆ ಓಡಿ. ತಳ ಕಾಣುವ ನೀರಾದರೆ ಅದರೊಳಗೇ ಕಾಲಿಟ್ಟು ದಾಟಿ. ತಳ ಕಾಣದಿದ್ದರೆ ಬಂದ ದಾರಿಯಲ್ಲೇ ಹಿಂತಿರುಗಿ. ಶೂ ಒದ್ದೆಯಾದರೆ ಸಂಜೆಯೊಳಗೆ ಒಣಗುತ್ತದೆ. ಫೋಟೊಗಾಗಿ ಹೂವಿನ ನಡುವೆ ಇಳಿಯುವುದಂತೂ ಬೇಡವೇ ಬೇಡ.

ಇನ್ನು ಜಾಗಗಳ ವಿಚಾರ. ಟಾರು ರಸ್ತೆಯಿಂದ ಮಣ್ಣಿಗೆ ಬರುವವರು ಮೊದಲ ಎರಡು ಮೂರು ವಾರ ಕುಕ್ಕರಹಳ್ಳಿ ಕೆರೆಯಲ್ಲೇ ಓಡುವುದು ಒಳ್ಳೆಯದು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಈ ಕೆರೆಯ ಸುತ್ತಲಿನ ಹಾದಿ ಅಗಲವಾಗಿದೆ, ಕಾಲಿಗೆ ಹದವಾಗಿ ಗಟ್ಟಿಯಾಗಿದೆ. ವಾಕಿಂಗ್‌ನವರು ಜಾಸ್ತಿ. ಹಿರಿಯರ ಹಿಂದಿನಿಂದ ಸದ್ದಿಲ್ಲದೆ ನುಗ್ಗಬೇಡಿ, ನಾಲ್ಕೈದು ಮಾರು ದೂರದಿಂದಲೇ ‘ಬಲಗಡೆ ಬರ್ತಿದ್ದೀನಿ ಸಾರ್’ ಎಂದು ಕೂಗಿ. ಲಿಂಗಾಂಬುಧಿ ಇನ್ನೂ ಹಳೆಯದು, 1828ರ ಕೆರೆ. ಅರಣ್ಯ ಇಲಾಖೆಯ ನಿಗಾದಲ್ಲಿದೆ. ಹುಲ್ಲು, ಪೊದೆ, ಹೂ ಎಲ್ಲವೂ ಹಾದಿಗೆ ಹತ್ತಿರ ಸಿಗುವುದರಿಂದ ನಿಮ್ಮ ಆಸೆಗೆ ಹೆಚ್ಚು ಹೊಂದುವುದು ಇದೇ. ಎರಡೂ ಕಡೆ ಗೇಟು ತೆಗೆಯುವ, ಮುಚ್ಚುವ ಸಮಯ ಇದೆ, ಬೋರ್ಡ್ ನೋಡಿಕೊಂಡು ಹೋಗಿ.

ಚಾಮುಂಡಿ ಬೆಟ್ಟ ಮೀಸಲು ಅರಣ್ಯ. ಅಲ್ಲಿ ಓಟಕ್ಕಿರುವುದು ಎರಡೇ: ರಸ್ತೆ, ಮತ್ತು ಪಾದದಿಂದ ಹತ್ತುವ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಕಾಡಿನೊಳಗಿನ ಒಳದಾರಿಗಳು ನಮಗಲ್ಲ. ಮೆಟ್ಟಿಲನ್ನು ಹತ್ತುವಾಗ ಓಡಿ, ಇಳಿಯುವಾಗ ನಡೆಯಿರಿ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿಕೊಂಡೇ ಹತ್ತುತ್ತಿರುತ್ತಾರೆ. ಮುಂಜಾನೆಯ ಇಬ್ಬನಿಯಲ್ಲಿ ನೆನೆದ ಅರಿಶಿನ ಸವೆದ ಕಲ್ಲಿನ ಮೇಲೆ ಎಣ್ಣೆ ಬಳಿದ ಹಾಗೆ ಜಾರುತ್ತದೆ. ಹಚ್ಚಿದ ಜಾಗ ಬಿಟ್ಟು ಮೆಟ್ಟಿಲಿನ ಅಂಚಿನ ಕಡೆ ಕಾಲಿಡಿ, ಹಚ್ಚುತ್ತಿರುವವರಿಗೆ ದಾರಿ ಬಿಡಿ. ಮಂಗಳವಾರ, ಶುಕ್ರವಾರ, ಆಷಾಢದ ದಿನಗಳಲ್ಲಿ ಅಲ್ಲಿ ಓಟ ಸಾಧ್ಯವೂ ಇಲ್ಲ, ಸರಿಯೂ ಅಲ್ಲ.

ಮಂಡ್ಯ ಕಡೆಯವರಿಗೆ ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟ ಇದೆ. ಕುರುಚಲು ಗುಡ್ಡ, ಮೆಟ್ಟಿಲೂ ಇದೆ, ರಸ್ತೆಯೂ ಇದೆ. ಮೇಲುಕೋಟೆಯ ಸುತ್ತಲಿನ ಹುಲ್ಲು-ಕುರುಚಲು ಕಾಡು ಎಂಥವರನ್ನೂ ಸೆಳೆಯುತ್ತದೆ, ಆದರೆ ಅದರ ದೊಡ್ಡ ಭಾಗ 1974ರಲ್ಲೇ ವನ್ಯಜೀವಿ ಧಾಮವಾಗಿದೆ. ಸುಮಾರು 50 ಚದರ ಕಿ.ಮೀ., ತೋಳಗಳಿರುವ ಜಾಗ. ಅನುಮತಿಯಿಲ್ಲದೆ ಒಳಗೆ ಕಾಲಿಡುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಡಾಂಬರು ರಸ್ತೆ ಬಿಟ್ಟು ಇಳಿಯಬೇಡಿ. ಇನ್ನು ನಾಲೆ ಏರಿ: ತಡೆಗೋಡೆ ಇಲ್ಲದ, ಹುಲ್ಲು ಅಂಚಿನವರೆಗೂ ಬೆಳೆದ ಏರಿಯ ಮೇಲೆ ಓಡಲೇಬೇಡಿ. ಏರಿ ಎಲ್ಲಿ ಮುಗಿಯುತ್ತದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ, ಒಳಗೆ ಬಿದ್ದರೆ ನೀರಿನ ಸೆಳೆತ ಜೋರು.

ಹೊತ್ತಿನ ವಿಷಯದಲ್ಲಿ ರಾಜಿ ಬೇಡ. ಮೈಸೂರಿನಲ್ಲಿ ಅಕ್ಟೋಬರ್ ನಡುವೆ ಸೂರ್ಯ ಹುಟ್ಟುವುದು ಸುಮಾರು 6.10ಕ್ಕೆ, ಡಿಸೆಂಬರ್ ಕೊನೆಗೆ 6.40ರ ಹತ್ತಿರ. ರಸ್ತೆಯಲ್ಲಿ ಐದೂವರೆಗೆ ಓಡುವ ಅಭ್ಯಾಸ ಇದ್ದರೂ ಇಲ್ಲಿ ಬೆಳಕು ಹರಿದ ಮೇಲೆಯೇ ಶುರು ಮಾಡಿ, ಸಂಜೆ ಐದೂವರೆಯೊಳಗೆ ಹೊರಬನ್ನಿ. ಚಾಮುಂಡಿ ಬೆಟ್ಟದ ಸುತ್ತ ಚಿರತೆ ಇದೆ, ಅದರ ಓಡಾಟ ಕತ್ತಲಲ್ಲೇ ಹೆಚ್ಚು. ಕೊಳಕುಮಂಡಲ ಹುಲ್ಲಿನ ಬುಡದಲ್ಲಿ ಸುತ್ತಿಕೊಂಡು ಮಲಗುವ ಹಾವು, ಹೆಜ್ಜೆ ಸದ್ದಿಗೆ ಸರಿದು ಹೋಗುತ್ತದೆಂದು ನಂಬಬೇಡಿ. ಕಾಲಿಡುವ ಜಾಗ ಕಣ್ಣಿಗೆ ಕಾಣಲೇಬೇಕು. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಏನೂ ಬೇಡ. ಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಹೋಗಿ, ಬೇರೆಯವರ ಗಾಡಿಯಲ್ಲಿ. ಹೂವಿನ ಕಾಲದಲ್ಲಿ ಹೆಜ್ಜೇನೂ ಜಾಸ್ತಿ. ಬಂಡೆಯಲ್ಲಿ, ದೊಡ್ಡ ಮರದಲ್ಲಿ ಗೂಡು ಕಂಡರೆ ಸದ್ದಿಲ್ಲದೆ ನಡೆದು ದಾಟಿ. ಎದ್ದುಬಿಟ್ಟರೆ ಮುಖ ಮುಚ್ಚಿಕೊಂಡು ನೇರವಾಗಿ ಓಡಿ, ಕೈ ಬೀಸಬೇಡಿ, ಕೆರೆಗೆ ಹಾರಬೇಡಿ. ಕಿವಿಗೆ ಇಯರ್‌ಫೋನ್ ಬೇಡ ಅನ್ನುವುದು ಇವೆಲ್ಲಕ್ಕೂ ಸೇರಿಯೇ.

ಓಟದ ರೀತಿಯೂ ಬದಲಾಗಬೇಕು. ಹೆಜ್ಜೆ ಚಿಕ್ಕದಿರಲಿ, ಪಾದ ಮೈಯ ಕೆಳಗೇ ಬೀಳಲಿ, ಕಣ್ಣು ಮೂರು ನಾಲ್ಕು ಮೀಟರ್ ಮುಂದಿರಲಿ. ಕಾಲು ಉಳುಕುವುದು ಬಹುಪಾಲು ಕಲ್ಲಿನಿಂದಲ್ಲ, ಹುಲ್ಲು ಮುಚ್ಚಿರುವ ಗುಳಿಯಿಂದ: ದನದ ಗೊರಸು ಕೆಸರಲ್ಲಿ ಹೂತು, ಒಣಗಿ ಗಟ್ಟಿಯಾದ ತಗ್ಗು, ಅಥವಾ ಇಲಿಯ ಬಿಲ. ರಸ್ತೆಯ ವೇಗಕ್ಕಿಂತ ಪ್ರತಿ ಕಿ.ಮೀ.ಗೆ ಒಂದು ನಿಮಿಷ ಜಾಸ್ತಿ ಹಿಡಿದರೆ ಅದೇ ಸರಿಯಾದ ವೇಗ. ದೂರ ಲೆಕ್ಕ ಹಾಕದೆ ಮೊದಲ ವಾರ 20 ನಿಮಿಷ ಓಡಿ, ವಾರಕ್ಕೆ ಎರಡೇ ಸಲ. ಮನೆಯಲ್ಲಿ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ 30 ಸೆಕೆಂಡು ನಿಲ್ಲುವ ಅಭ್ಯಾಸ ಹರಡಿಗೆ, ಅಂದರೆ ಪಾದದ ಗಂಟಿಗೆ, ಬಲ ಕೊಡುತ್ತದೆ. ಶೂ ತಳದಲ್ಲಿ 3-4 ಮಿ.ಮೀ. ಹಲ್ಲು ಸಾಕು. ರಸ್ತೆ ಶೂನ ನುಣ್ಣನೆ ತಳ ಪಾಚಿ ಹಿಡಿದ ಬಂಡೆ ಮೇಲೆ ನಿಲ್ಲುವುದಿಲ್ಲ. ಉಳುಕಿದ ಮೇಲೆ ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಆಗದಿದ್ದರೆ ಎಕ್ಸ್-ರೇ ತೆಗೆಸಿ, ‘ನೋಡೋಣ’ ಅನ್ನಬೇಡಿ.

ಕಾಲ್ಚೀಲ ಪಾದದ ಗಂಟು ಮುಚ್ಚುವಷ್ಟು ಉದ್ದ ಇರಲಿ. ನೆಗ್ಗಿಲ ಮುಳ್ಳು ತೆಳು ತಳಕ್ಕೆ ನೇರವಾಗಿ ನಾಟುತ್ತದೆ, ಉತ್ತರಾಣಿ ಬೀಜ ಚೀಲಕ್ಕೆ ಅಂಟಿಕೊಂಡು ಮೈಲಿಗಟ್ಟಲೆ ಕೆರೆಯುತ್ತದೆ. ಓಡಿ ಬಂದ ತಕ್ಷಣ ಸ್ನಾನ ಮಾಡಿ, ಮಂಡಿಯ ಹಿಂಭಾಗ, ತೊಡೆಸಂದು, ಸೊಂಟದ ಪಟ್ಟಿಯ ಜಾಗದಲ್ಲಿ ಉಣ್ಣೆ ಕಚ್ಚಿದೆಯಾ ನೋಡಿಕೊಳ್ಳಿ. ಕಂಡರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ತಿರುಚಬೇಡಿ, ಬೆಂಕಿ ತೋರಿಸಬೇಡಿ. ಕಣ್ಣಿಗೆ ಸರಿಯಾಗಿ ಕಾಣದ ನುಸಿಯ ಮರಿಗಳಿಂದ ಸ್ಕ್ರಬ್ ಟೈಫಸ್ ಬರುತ್ತದೆ. ಮೂರು ವಾರದೊಳಗೆ ಜ್ವರ, ತಲೆನೋವು ಬಂದು, ಮೈಮೇಲೆ ಎಲ್ಲಾದರೂ ನೋವಿಲ್ಲದ ಕಪ್ಪು ಹಕ್ಕಳೆ ಕಂಡರೆ ವೈದ್ಯರಿಗೆ ‘ಹುಲ್ಲಿನಲ್ಲಿ ಓಡಿದ್ದೆ’ ಎಂದು ಹೇಳಿ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುವ ಕಾಯಿಲೆ ಅದು, ತಡವಾದರೆ ಜೀವಕ್ಕೇ ಅಪಾಯ.

ಶೂ ಮಾತ್ರ ಮನೆಗೆ ತಂದು ತೊಳೆಯಬೇಡಿ, ಅಂಟಿದ ಬೀಜ ಬೇರೆ ಕಡೆ ಹರಡಿಬಿಡುತ್ತದೆ. ಓಡಿದ ಜಾಗದ ಗೇಟಿನ ಹತ್ತಿರವೇ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಳದ ಮಣ್ಣು ಕೆರೆದು, ಲೇಸು ಮತ್ತು ಚೀಲಕ್ಕೆ ಅಂಟಿದ ಬೀಜ ಬಿಡಿಸಿ ಅಲ್ಲೇ ಹಾದಿಯ ಮೇಲೆ ಉದುರಿಸಿ. ಇವತ್ತು ಕಾಂಗ್ರೆಸ್ ಗಿಡ ತುಂಬಿದ ಸೈಟುಗಳ ನಡುವೆ ಓಡಿ, ನಾಳೆ ಅದೇ ಶೂನಲ್ಲಿ ಲಿಂಗಾಂಬುಧಿಗೆ ಹೋಗುವುದಾದರೆ ಈ ಎರಡು ನಿಮಿಷದ ಕೆಲಸವನ್ನು ಹೊರಡುವ ಮೊದಲೂ ಒಮ್ಮೆ ಮಾಡಿ.