ನಮಗೇ ಇನ್ನೂ ಕೆಲಸವಿಲ್ಲ, ಬೇರೆಯವರಿಗೆ ಹೇಗೆ ಕೊಡಿಸೋಣ?

ಪ್ರಶ್ನೆ: ನಾವು ಏಳೆಂಟು ಮಂದಿ ಪದವಿ ವಿದ್ಯಾರ್ಥಿಗಳು. ಕಾಲೇಜಿನ ಹತ್ತಿರದ ಬಡ ಬಡಾವಣೆಯಲ್ಲಿ ಓದು ಅರ್ಧಕ್ಕೇ ನಿಂತು, ಕೆಲಸವೂ ಸಿಗದೆ ಕೂತಿರುವ ನಮ್ಮದೇ ವಯಸ್ಸಿನವರು ಬಹಳ ಜನ ಇದ್ದಾರೆ. ಅವರಿಗೆ ತರಬೇತಿ, ಕೆಲಸ ಸಿಗುವ ಹಾಗೆ ಮಾಡಬೇಕೆಂಬ ಆಸೆ. ಆದರೆ ನಮ್ಮ ಹತ್ತಿರ ಹಣವಿಲ್ಲ, ಅನುಭವವಿಲ್ಲ, ನಮಗೇ ಇನ್ನೂ ಕೆಲಸ ಸಿಕ್ಕಿಲ್ಲ. ನಮ್ಮಿಂದ ನಿಜವಾಗಿ ಏನಾದರೂ ಆದೀತೇ?

ಉತ್ತರ: ಆಗುತ್ತದೆ. ಆದರೆ ಪಾಠ ಹೇಳಲು ಹೊರಡಬೇಡಿ. ಇಂಥ ಉತ್ಸಾಹದ ಗುಂಪುಗಳು ಹೆಚ್ಚಾಗಿ ಮೊದಲು ಮಾಡುವುದೇ ಅದು: ಕಂಪ್ಯೂಟರ್ ಕ್ಲಾಸು, ವ್ಯಕ್ತಿತ್ವ ವಿಕಸನದ ಕ್ಲಾಸು. ಶಾಲೆಯಲ್ಲಿ ಸೋತೆವೆಂದು ನಂಬಿಕೊಂಡವರಿಗೆ ಮತ್ತೊಂದು ಬೆಂಚು ತೋರಿಸಿದರೆ ಎಷ್ಟು ದಿನ ಬಂದಾರು? ನಿಮ್ಮ ಹತ್ತಿರ ಇದ್ದು ಅವರ ಹತ್ತಿರ ಇಲ್ಲದ್ದು ಪರಿಚಯ ಮತ್ತು ಸುದ್ದಿ. ಯಾವ ಕಡೆ ಜನ ಬೇಕಾಗಿದ್ದಾರೆ, ಯಾರನ್ನು ಕೇಳಬೇಕು, ಅರ್ಜಿಯ ಯಾವ ಅಂಕಣದಲ್ಲಿ ಏನು ಬರೆಯಬೇಕು ಎನ್ನುವುದು ನಿಮ್ಮ ಮನೆಗಳಲ್ಲಿ ಊಟದ ಹೊತ್ತಿನ ಮಾತಿನಲ್ಲೇ ಕಿವಿಗೆ ಬೀಳುತ್ತದೆ. ಸುತ್ತ ಯಾರಿಗೂ ಖಾಯಂ ಕೆಲಸವಿಲ್ಲದ ಬೀದಿಯಲ್ಲಿ ಆ ಮಾತು ಹುಟ್ಟುವುದೇ ಇಲ್ಲ.

ಇದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಪ್ರಬಂಧದಲ್ಲಿ ಅಂಕಿಗಳಲ್ಲಿ ತೋರಿಸಿದರು. ಪರಿಚಯದ ಮೂಲಕ ಕೆಲಸ ಬದಲಿಸಿದವರಿಗೆ, ‘ಸುದ್ದಿ ಕೊಟ್ಟವರನ್ನು ಆ ದಿನಗಳಲ್ಲಿ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?’ ಎಂದು ಕೇಳಿದಾಗ, ಪದೇಪದೇ ಎಂದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರಿಂದ. ಗ್ರಾನೊವೆಟರ್ ಮಾತಾಡಿಸಿದ್ದು ಓದಿದ ನೌಕರರನ್ನು, ನಿಜ. ಆದರೂ ಕಾರಣ ಎಲ್ಲರಿಗೂ ಹೊಂದುತ್ತದೆ. ಆಪ್ತರಿಗೆ ಗೊತ್ತಿರುವುದು ಹೆಚ್ಚಾಗಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದವರಿಂದಲೇ ಬರಬೇಕು. ಆ ಬೀದಿಯ ಹುಡುಗ ಹುಡುಗಿಯರಿಗೆ ನೀವು ಅಂಥ ದೂರದ ಪರಿಚಯಸ್ಥರು. ನಿಮ್ಮ ಚಿಕ್ಕಪ್ಪ ಕೆಲಸ ಮಾಡುವ ಕಾರ್ಖಾನೆ, ಅಕ್ಕ ದುಡಿಯುವ ಆಸ್ಪತ್ರೆ, ಸೀನಿಯರ್ ಸೇರಿದ ಗೋದಾಮು ಎಲ್ಲವೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ.

ವಿದ್ಯಾರ್ಥಿಗಳು ಬಡ ಬಡಾವಣೆಗೆ ಹೋಗುವುದು ಹೊಸದೇನಲ್ಲ. 1884ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಟಾಯ್ನ್‌ಬಿ ಹಾಲ್ ಎಂಬ ನೆಲೆ ಶುರುವಾದದ್ದೇ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಓದುತ್ತಿದ್ದವರು, ಓದಿ ಬಂದವರು ಬಡವರ ನಡುವೆ ಬಂದಿರಲಿ ಎಂದು. 1903ರಲ್ಲಿ ಅಲ್ಲಿಗೆ ಬಂದ, ಮುಂದೆ ಅರ್ಥಶಾಸ್ತ್ರಜ್ಞನಾಗಿ ಹೆಸರಾದ ವಿಲಿಯಂ ಬೆವರಿಜ್‌ಗೆ ಆಗ 24 ವರ್ಷ. ಬಂದರಿನ ದಿನಗೂಲಿಯ ಪದ್ಧತಿಯನ್ನು ಆತ ಹತ್ತಿರದಿಂದ ಗಮನಿಸಿದ. ಒಂದೊಂದು ಗೇಟಿನ ಮುಂದೂ ಒಂದೊಂದು ಗುಂಪು ಕಾಯುತ್ತಿತ್ತು. ಒಂದು ಗೇಟಿನಲ್ಲಿ ಆಳು ಸಾಲದಿದ್ದರೂ ಇನ್ನೊಂದರ ಮುಂದೆ ನಿಂತವರಿಗೆ ಅದು ತಿಳಿಯುತ್ತಿರಲಿಲ್ಲ. ಕೆಲಸವಿಲ್ಲದವರೆಂದರೆ ಸೋಮಾರಿಗಳು ಎಂಬ ಮಾತೇ ಓಡುತ್ತಿದ್ದ ಕಾಲದಲ್ಲಿ, ವ್ಯವಸ್ಥೆಯೇ ಹೀಗಿದೆ ಎಂದು ಆತ ವಾದಿಸಿದ. 1909ರಲ್ಲಿ ಬ್ರಿಟನ್ ಉದ್ಯೋಗ ವಿನಿಮಯ ಕೇಂದ್ರಗಳ ಕಾಯಿದೆ ಮಾಡಿತು, 1910ರ ಫೆಬ್ರವರಿಯಲ್ಲಿ ಕೇಂದ್ರಗಳು ಬಾಗಿಲು ತೆರೆದವು. ನೀವು ಕಾಯಿದೆ ಮಾಡಿಸಬೇಕಿಲ್ಲ. ಒಂದು ಗೇಟಿನ ಸುದ್ದಿ ಇನ್ನೊಂದಕ್ಕೆ ಮುಟ್ಟಿಸಿದರೂ ಸಾಕು.

ಹಾಗಾದರೆ ಮೊದಲ ದಿನ ಏನು ಮಾಡಬೇಕು? ಸಭೆ ಕರೆಯಬೇಡಿ. ಒಬ್ಬೊಬ್ಬರ ಜೊತೆ ಒಂದೊಂದು ಗಂಟೆ ಕೂತು, ಇಲ್ಲಿಯವರೆಗೆ ಏನೇನು ಮಾಡಿದ್ದೀರಿ ಎಂದು ಕೇಳಿ. ಏನೂ ಇಲ್ಲ ಎನ್ನುತ್ತಾರೆ. ಬಿಡಬೇಡಿ. ಮದುವೆ ಮನೆಯಲ್ಲಿ ಬಡಿಸಿದ್ದು, ಮಾವನ ಜೊತೆ ಗೋಡೆಗೆ ಬಣ್ಣ ಹೊಡೆದದ್ದು, ಮೂರು ವರ್ಷ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡದ್ದು ಒಂದೊಂದೇ ಹೊರಬರುತ್ತವೆ. ಇವೆಲ್ಲ ಅನುಭವವೇ, ಕಾಗದದ ಮೇಲೆ ಇಲ್ಲ ಅಷ್ಟೇ. ಅದನ್ನು ಬರೆದುಕೊಡುವುದು ನಿಮ್ಮ ಮೊದಲ ಕೆಲಸ. ಆಮೇಲೆ, ಹಿಂದೆ ಕೆಲಸ ಕೊಟ್ಟವರ ಹತ್ತಿರ ಜೊತೆಗೇ ಹೋಗಿ ನಾಲ್ಕು ಸಾಲಿನ ಪತ್ರ ಬರೆಸಿಕೊಳ್ಳಿ. ದಕ್ಷಿಣ ಆಫ್ರಿಕಾದಲ್ಲಿ ಸಂಶೋಧಕರು ಪರೀಕ್ಷಿಸಿ ನೋಡಿದಾಗ, ಹಳೆಯ ಮಾಲೀಕರ ಪತ್ರ ಲಗತ್ತಿಸಿದ ಅರ್ಜಿಗಳಿಗೆ ಹೆಚ್ಚು ಕರೆ ಬಂದವು. ಹೆಚ್ಚು ಲಾಭವಾದದ್ದು ಹೆಣ್ಣುಮಕ್ಕಳಿಗೆ. ಅಂಥ ಪತ್ರ ಕೇಳಬಹುದು ಎಂಬುದೇ ಎಷ್ಟೋ ಜನರಿಗೆ ಹೊಳೆದಿರಲಿಲ್ಲ.

ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲೂ ಇಂಥದೇ ಒಂದು ಪ್ರಯೋಗ ನಡೆಯಿತು. ನಗರದ ಹೊರವಲಯದ ಕೆಲವು ಯುವಜನರಿಗೆ ಕೆಲಸ ಹುಡುಕಲು ಬಸ್ ಖರ್ಚು ಕೊಟ್ಟರು. ಇನ್ನು ಕೆಲವರಿಗೆ ಅರ್ಜಿ ಬರೆಯುವುದನ್ನು, ಸಂದರ್ಶನ ಎದುರಿಸುವುದನ್ನು ಹೇಳಿಕೊಟ್ಟು, ಕೌಶಲ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರು. ಮೊದಮೊದಲು ಎರಡರಿಂದಲೂ ಒಳ್ಳೆಯ ಕೆಲಸ ಸಿಗುವುದು ಹೆಚ್ಚಿತು. ನಾಲ್ಕು ವರ್ಷದ ನಂತರ ನೋಡಿದರೆ ಬಸ್ ಖರ್ಚಿನ ಪರಿಣಾಮ ಕರಗಿತ್ತು; ಎರಡನೆಯ ಗುಂಪಿನವರ ಸಂಪಾದನೆ ಮಾತ್ರ ಎದ್ದು ಕಾಣುವಷ್ಟು ಹೆಚ್ಚಿತ್ತು. ತನಗೆ ಏನು ಬರುತ್ತದೆ ಎಂದು ತೋರಿಸಲು ಒಂದು ಕಾಗದ ಕೈಯಲ್ಲಿದ್ದರೆ ಅದು ಬಹುಕಾಲ ದುಡಿಯುತ್ತದೆ.

ತರಬೇತಿ ಕೇಂದ್ರದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಗೋಡೆಯ ಮೇಲಿನ ಫೋಟೊ, ನೂರಕ್ಕೆ ನೂರು ಉದ್ಯೋಗ ಎಂಬ ಬೋರ್ಡು ಯಾವುದನ್ನೂ ನಂಬಬೇಡಿ. ಹಿಂದಿನ ಬ್ಯಾಚಿನ ನಾಲ್ಕು ಜನರನ್ನು ನೀವೇ ಹುಡುಕಿ ಮಾತಾಡಿಸಿ: ಈಗ ಎಲ್ಲಿದ್ದೀರಿ, ಕೈಗೆ ಎಷ್ಟು ಬರುತ್ತದೆ, ಯಂತ್ರ ಮುಟ್ಟಲು ಬಿಟ್ಟರೇ ಅಥವಾ ಬರೀ ತೋರಿಸಿದರೇ? ಜರ್ಮನಿಯ ವೃತ್ತಿ ತರಬೇತಿ ಹೆಸರು ಪಡೆದಿರುವುದು ಕಲಿಯುವವರು ವಾರದ ಮೂರು ನಾಲ್ಕು ದಿನ ಕಂಪನಿಯಲ್ಲೇ ಕೆಲಸ ಮಾಡುತ್ತ, ಉಳಿದ ಒಂದೆರಡು ದಿನ ಶಾಲೆಗೆ ಹೋಗುವುದರಿಂದ. ಕೆಲಸದ ಜಾಗದಲ್ಲಿ ಒಂದು ದಿನವೂ ಕಳೆಯದ ತರಬೇತಿಗೆ ಯಾರನ್ನಾದರೂ ಕಳಿಸುವ ಮೊದಲು ಎರಡು ಸಲ ಯೋಚಿಸಿ.

ಕೆಲಸ ಕೊಡಿಸುತ್ತೇವೆಂದು ಹಣ ಕೇಳುವವರ ಹತ್ತಿರವಂತೂ ಕರೆದುಕೊಂಡೇ ಹೋಗಬೇಡಿ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ವಸೂಲಿ ಮಾಡಬಾರದು ಎಂಬುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಪ್ಪಂದದ ಮೂಲ ನಿಯಮ. ನೀವೂ ಕೆಲಸದ ಭರವಸೆ ಕೊಡಬೇಡಿ. ಹುಡುಕಲು ಜೊತೆಗಿರುತ್ತೇವೆ ಎನ್ನಿ, ಅಷ್ಟು ಹೇಳಿದ್ದನ್ನು ತಪ್ಪದೆ ನಡೆಸಿ.

ಮನಸ್ಸು ಮುದುಡಿದವರ ಬಗ್ಗೆ ತಾಳ್ಮೆ ಇರಲಿ. ಆಸ್ಟ್ರಿಯಾದ ಮಾರಿಯೆಂಥಾಲ್ ಎಂಬ ಪುಟ್ಟ ಊರಿನಲ್ಲಿ ಇದ್ದ ಒಂದೇ ಗಿರಣಿ ಮುಚ್ಚಿದ ಮೇಲೆ, 1930ರ ದಶಕದ ಆರಂಭದಲ್ಲಿ ಸಮಾಜ ಸಂಶೋಧಕಿ ಮಾರಿ ಯಹೋಡಾ ಮತ್ತು ಸಂಗಡಿಗರು ಕೆಲಸ ಕಳೆದುಕೊಂಡವರ ಬದುಕನ್ನು ಅರಿಯಲು ಅಲ್ಲಿಗೆ ಹೋದರು. ಜನರಿಗೆ ಬೇಕಾದಷ್ಟು ಬಿಡುವಿತ್ತು, ಗ್ರಂಥಾಲಯದ ಶುಲ್ಕವನ್ನೂ ತೆಗೆದಿದ್ದರು, ಆದರೂ ಪುಸ್ತಕ ಒಯ್ಯುವುದು ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. ಗಂಡಸರ ನಡಿಗೆಯೇ ನಿಧಾನವಾಗಿತ್ತು. ಕರೆದ ಹೊತ್ತಿಗೆ ಬರಲಿಲ್ಲವೆಂದು ನಿಮಗೆ ಬೇಸರವಾದಾಗ ಇದನ್ನು ನೆನೆಯಿರಿ. ಇನ್ನೊಂದು ಮಾತು: ಬರೀ ನೋಡಿ ಬರೆದುಕೊಂಡು ಹೋಗಬಾರದು, ಊರಿಗೆ ಉಪಯೋಗವಾಗುವ ಏನನ್ನಾದರೂ ಮಾಡಲೇಬೇಕು ಎಂದು ಆ ಸಂಶೋಧಕರು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡಿದ್ದರು. ಬಟ್ಟೆ ಸಂಗ್ರಹಿಸಿ ಹಂಚಿದರು, ವೈದ್ಯರನ್ನು ಕರೆಸಿದರು. ಪ್ರಾಜೆಕ್ಟ್ ವರದಿಗಾಗಿ ಫೋಟೊ ತೆಗೆದು ಮರೆಯಾಗುವ ಗುಂಪುಗಳನ್ನು ಕಂಡಾಗೆಲ್ಲ ನನಗೆ ಇದು ನೆನಪಾಗಿ ಸಂಕಟವಾಗುತ್ತದೆ.

ಪರೀಕ್ಷೆ ಬಂದಾಗ ನೀವು ಮಾಯವಾಗುತ್ತೀರಿ, ಓದು ಮುಗಿದ ಮೇಲೆ ಊರೇ ಬಿಡುತ್ತೀರಿ. ಅದಕ್ಕೇ ಮೊದಲ ದಿನದಿಂದ ಒಂದು ರಿಜಿಸ್ಟರ್ ಇಡಿ: ಯಾರು, ಏನು ಬಲ್ಲರು, ಎಲ್ಲಿಗೆ ಅರ್ಜಿ ಹಾಕಿದರು, ಮುಂದೆ ಯಾವಾಗ ಭೇಟಿ. ಅವರವರ ಒಪ್ಪಿಗೆ ಪಡೆದೇ ಬರೆದುಕೊಳ್ಳಿ, ಬೇರೆಯವರ ಕೈಗೆ ಸಿಗದಂತೆ ನೋಡಿಕೊಳ್ಳಿ. ಪ್ರತಿ ವರ್ಷ ಕಿರಿಯ ತರಗತಿಯ ಇಬ್ಬರನ್ನು ಜೊತೆಗೆ ಸೇರಿಸಿಕೊಂಡು ಆ ರಿಜಿಸ್ಟರನ್ನು ಅವರಿಗೆ ಒಪ್ಪಿಸಿ. ಕೆಲಸ ಸಿಕ್ಕವರ ಹೆಸರನ್ನು ಮಾತ್ರ ಬೇಗ ಹೊಡೆದುಹಾಕಬೇಡಿ. ಮೊದಲ ತಿಂಗಳು ಬಸ್ಸಿಗೆ ಕಾಸಿಲ್ಲದೆಯೋ, ಮೇಲಿನವರ ಒಂದು ಮಾತು ಸಹಿಸಲಾಗದೆಯೋ ಕೆಲಸ ಬಿಡುವವರಿದ್ದಾರೆ. ಮೊದಲ ಸಂಬಳ ಕೈಗೆ ಬರುವವರೆಗೂ ವಾರಕ್ಕೊಮ್ಮೆ ಫೋನ್ ಮಾಡುತ್ತಿರಿ.